ಅಧ್ಯಕ್ಷಬಾಯಿಗೆ ಕ್ಯಾಮೆರಾ ಕಣ್ಣು ಹೊಡೆದದ್ದು

ಹುನ್ನೂರು

ಜಮಖಂಡಿಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಸ್ಕೂಲ್ ಅಂದರೆ ಒಂದು ಹಳೆಯ ಕಾರು, ಗೋಡೆಯ ಮೇಲೆ ಟ್ರಾಫಿಕ್ ಚಿಹ್ನೆಗಳ ಒಂದು ಚಾರ್ಟು, ಮತ್ತು ನಾನು. ಚಾರ್ಟಿನಲ್ಲಿರುವ ಚಿಹ್ನೆಗಳಲ್ಲಿ ಅರ್ಧದಷ್ಟನ್ನು ನಮ್ಮ ಭಾಗದ ರಸ್ತೆಗಳ ಮೇಲೆ ನಾನು ಎಂದೂ ಕಂಡವನಲ್ಲ. ಕಂಡ ಕೆಲವು ಕಂಬಗಳಿಗೆ ಯಾರಾದರೂ ಎಮ್ಮೆ ಕಟ್ಟಿರುತ್ತಾರೆ. ಆದರೂ ಕಲಿಸುತ್ತೇನೆ. "ಸರ, ಇದು ಎಲ್ಲಿ ಬರ್ತೈತ್ರಿ?" ಎಂದು ಕಲಿಯುವವರು ಕೇಳಿದರೆ "ಪರೀಕ್ಷಾದಾಗ ಬರ್ತೈತಿ" ಎನ್ನುತ್ತೇನೆ.

ಇಂಥ ನನ್ನನ್ನು ಜರ್ಮನಿಗೆ ಕರೆದುಕೊಂಡು ಹೋದದ್ದು ಡೊಳ್ಳು. ಹುನ್ನೂರಿನ ನನ್ನ ಸೋದರಮಾವ ಮಾಳಪ್ಪ ಕುರಿ ಹಿಂಡಿನ ಹಿಂದೆ ನಡೆದು ಬೆಳೆದವರು, ಬೀರದೇವರ ಭಕ್ತರು. ಅವರದೊಂದು ಡೊಳ್ಳಿನ ಮೇಳವಿದೆ. ಬೆಳಗಾವಿಯಲ್ಲಿ ಆ ಮೇಳವನ್ನು ನೋಡಿದ ಜರ್ಮನ್ ದಂಪತಿಯೊಂದು ತಮ್ಮ ಪುಟ್ಟ ಊರಿನ ಹಾಡು-ಕುಣಿತದ ಹಬ್ಬಕ್ಕೆ ಬನ್ನಿ ಎಂದು ಕರೆ ಕಳಿಸಿತು. ಮೇಳದವರಿಗೆ ಇಂಗ್ಲಿಷ್ ಬಾರದು. ನನಗೂ ಅಷ್ಟಕ್ಕಷ್ಟೇ, ಆದರೆ ಅದು ಅವರಿಗೆ ಗೊತ್ತಿರಲಿಲ್ಲ.

"ಪರಸು, ನೀ ತಾಳ ಹಿಡಿ" ಎಂದರು ಮಾವ. "ಬಾರಿಸಬ್ಯಾಡ. ಹಿಡಿ ಅಷ್ಟ. ಮಾತಾಡೂದು ನಿನ್ನ ಕೆಲಸ."

ಹೀಗೆ ಮಾವ, ಬಯಲಾಟದಲ್ಲಿ ಪಾರ್ಟು ಮಾಡುವ ಮುಧೋಳದ ರಾಯಪ್ಪ, ಪ್ರವಾಸದ ಕೊನೆಯ ದಿನದ ತನಕ ಊಟದ ಹೊರತು ಬೇರೆ ಯಾವುದಕ್ಕೂ ಬಾಯಿ ತೆರೆಯದ ಬೀಳಗಿಯ ಅಣ್ಣತಮ್ಮಂದಿರು, ಇನ್ನೂ ಕೆಲವರು ಮತ್ತು ನಾನು, ಕೈಯಲ್ಲಿ ಪಾಸ್‌ಪೋರ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಟೆವು. ಅಲ್ಲಿಯವರಿಗೆ ಕೊಡಲೆಂದು ರಬಕವಿಯ ನೇಕಾರರ ಮನೆಯಿಂದ ಒಂದು ಒಳ್ಳೆಯ ಸೀರೆಯನ್ನೂ ಕಟ್ಟಿಸಿಕೊಂಡಿದ್ದೆವು.

ಫ್ರಾಂಕ್‌ಫರ್ಟ್

ಡೊಳ್ಳುಗಳನ್ನು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಏನೂ ಅನ್ನದೆ ಬಿಟ್ಟರು. ಹಿಡಿದದ್ದು ಭಂಡಾರದ ಚೀಲವನ್ನು. ನಮಗೆ ಅದು ದೇವರ ಅರಿಷಿಣ. ಕಸ್ಟಮ್ಸ್ ಅಧಿಕಾರಿಗೆ ಅದು ಮುದುಕನೊಬ್ಬ ಬೆವರದೆ, ಹೆದರದೆ ತಂದ ಹಳದಿ ಪುಡಿ.

"ಇದೇನು?" ಎಂದು ಕೇಳಿದ. "ದೇವರು" ಎಂದೆ. ನನ್ನ ಇಂಗ್ಲಿಷಿನ ಮಿತಿ ಅಲ್ಲಿಗೇ ಬಂದು ನಿಂತಿತು. ಅವನು ನಾಯಿ ತರಿಸಿದ. ನಾಯಿ ಚೀಲದೊಳಗೆ ಮೂತಿ ಹಾಕಿ, ಮೂತಿ ಹಳದಿ ಮಾಡಿಕೊಂಡು, ಸೀನತೊಡಗಿದ್ದನ್ನು ನಿಲ್ಲಿಸಲೇ ಇಲ್ಲ. ಮಾವ ಬಗ್ಗಿ ಅದರ ತಲೆ ಸವರಿ, "ನಿನಗೂ ಬೀರಪ್ಪ ಒಳ್ಳೇದು ಮಾಡ್ಲಿ" ಎಂದು ಅದರ ಹಣೆಗೂ ಒಂದಿಷ್ಟು ಹಚ್ಚಿದರು. ಸರಕಾರಿ ನಾಯಿಗೆ ಹಾಗೆಲ್ಲ ಹಚ್ಚಬಾರದಂತೆ. ಅದಕ್ಕೆ ಬೇರೆ ಒಬ್ಬ ಅಧಿಕಾರಿ ಬಂದ. ಪುಡಿಯ ಪರೀಕ್ಷೆ ಮುಗಿದು, ಅದು ಅಡುಗೆಮನೆಯ ಸಾಮಾನೇ ಎಂದು ಅವರಿಗೆ ಮನವರಿಕೆಯಾಗುವಷ್ಟರಲ್ಲಿ ನಮ್ಮನ್ನು ಕರೆಯಲು ಬಂದವರು ಹೊರಗೆ ನಿಂತು ನಿಂತು ಸೋತಿದ್ದರು.

ಬಂದವರು ಇಬ್ಬರು. ಒಬ್ಬರು ಆ ಊರಿನ ಪುರಸಭೆಯ ಅಧ್ಯಕ್ಷೆ, ಕ್ರಿಸ್ಟಾ. ಎತ್ತರದ ನಿಲುವು, ಮೋಟು ಕೂದಲು, ದೊಡ್ಡ ನಗು. ಇನ್ನೊಬ್ಬರು ಅವರ ಬಾಲ್ಯದ ಗೆಳೆಯ, ಹಬ್ಬದ ಕಾರ್ಯದರ್ಶಿ, ಊರಿನಲ್ಲಿ ಖಾನಾವಳಿ ನಡೆಸುವ ಉಲಿ. ನಮ್ಮವರು ಅಲ್ಲೇ ನಿಂತ ಕಾಲಮೇಲೆ ಕ್ರಿಸ್ಟಾ ಅವರನ್ನು ಕೃಷ್ಣಾಬಾಯಿ ಮಾಡಿದರು, ಉಲಿಯನ್ನು ಉಳ್ಳಾಗಡ್ಡಿ ಮಾಡಿದರು. ಇಬ್ಬರೂ ಹೊಸ ಹೆಸರಿಗೆ ತಕರಾರು ಮಾಡಲಿಲ್ಲ.

ಬರಬೇಕಿದ್ದ ಡ್ರೈವರನಿಗೆ ಜ್ವರ ಬಂದಿದ್ದರಿಂದ ಕ್ರಿಸ್ಟಾ ತಾವೇ ಪುರಸಭೆಯ ವ್ಯಾನು ತಂದಿದ್ದರು. ಇದನ್ನು ನಾನು ಹೇಳಿದಾಗ ರಾಯಪ್ಪ ನಂಬಲಿಲ್ಲ.

"ಅಧ್ಯಕ್ಷರು ತಾವ ಗಾಡಿ ಹೊಡಕೊಂಡು ಬಂದಾರ? ನಮ್ಮ ಕಡೆ ಗಾಡಿ ಬಾಗಿಲಾನೂ ಮಂದಿ ತೆಗೀಬೇಕಲ್ರಿ."

"ಹಂಗಂತ ಆಕಿ ಅಧ್ಯಕ್ಷಳ ಅಲ್ಲ ಅನಬ್ಯಾಡ" ಎಂದರು ಮಾವ. "ಕೈ ನೋಡು. ಹಾಲು ಹಿಂಡಿದ ಕೈ ಅದು."

ಅದು ನಿಜವೂ ಆಗಿತ್ತು. ಊರ ಹೊರಗೆ ಆಕೆಗೆ ಆಕಳಿನ ಫಾರ್ಮ್ ಇತ್ತು.

ಊರ ಬಾಗಿಲು

ಡೊಳ್ಳುಗಳು ಉಲಿಯ ಗಾಡಿಯಲ್ಲಿ ಮುಂದೆ ಹೋದವು, ನಾವು ಕ್ರಿಸ್ಟಾ ಅವರ ವ್ಯಾನಿನಲ್ಲಿ ಹಿಂದೆ. ಹಬ್ಬದ ಮೆರವಣಿಗೆ ಹೊರಡುವ ಹೊತ್ತು ಆಗಲೇ ಮೀರಿತ್ತು. ಬಣ್ಣದ ಬಟ್ಟೆ ತೊಟ್ಟ ಜನ ಚರ್ಚಿನ ಮುಂದೆ ಬಿಸಿಲಿನಲ್ಲಿ ಕಾಯುತ್ತಿದ್ದಾರೆ ಎಂದು ಉಲಿ ಹೊರಡುವಾಗಲೇ ಹೇಳಿದ್ದ. ದಾರಿಯಲ್ಲಿ ಕ್ರಿಸ್ಟಾ ಅವರ ಫೋನು ಹತ್ತು ಸಲ ಬಡಿದುಕೊಂಡಿತು. ಓಡಿಸುವಾಗ ಫೋನ್ ಮುಟ್ಟಬಾರದೆಂದು ಅವರು ಒಂದು ಸಲವೂ ಎತ್ತಲಿಲ್ಲ. ನಾನು ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗ ನನ್ನ ಕೈಯಲ್ಲಿ ಫೋನಿತ್ತು.

ಮಾವ ಮುಂದಿನ ಸೀಟಿನಲ್ಲಿ, ಬಿಳಿ ರುಮಾಲು ಬಿಗಿಯಾಗಿ ಸುತ್ತಿಕೊಂಡು ಕುಳಿತಿದ್ದರು. ಜನ ತಮಗಾಗಿ ಕಾಯುವುದೆಂದರೆ ಅವರಿಗೆ ಆಗದು. ದಾರಿಯುದ್ದಕ್ಕೂ ಕೈ ಮುಂದಕ್ಕೆ ಬೀಸುತ್ತ, "ಲಗೂ ನಡೀಲಿ ತಂಗಿ, ಲಗೂ. ಮಂದಿ ಬಿಸಲಾಗ ನಿಂತಾರ" ಎನ್ನುತ್ತಿದ್ದರು. ಆಕೆಗೆ ಮಾತು ತಿಳಿಯದಿದ್ದರೂ ಕೈ ತಿಳಿಯುತ್ತಿತ್ತು. ಹೆದ್ದಾರಿಯಲ್ಲಿ ಅದರಿಂದ ತೊಂದರೆಯೇನೂ ಆಗಲಿಲ್ಲ. ಅಲ್ಲಿ ನಮ್ಮ ಆಯುಷ್ಯವನ್ನು ಆಕೆಯ ಕೈಗೆ ಕೊಟ್ಟು ನಾವು ಕಣ್ಣು ಮುಚ್ಚಿದ್ದೆವು. ತೊಂದರೆ ಆದದ್ದು ಊರ ಬಾಗಿಲಲ್ಲಿ.

ಅಲ್ಲೊಂದು ತಿರುವು. ತಿರುವಿನಲ್ಲಿ ಮೂವತ್ತು ಎಂದು ಬರೆದ ದುಂಡನೆಯ ಹಲಗೆ. ಹಲಗೆ ದಾಟಿದೊಡನೆ ರಸ್ತೆ ಬದಿಯ ಒಂದು ಬೂದು ಬಣ್ಣದ ಕಂಬದಿಂದ ಕೆಂಪಗೆ ಒಂದು ಮಿಂಚು ನಮ್ಮೆಲ್ಲರ ಮುಖಕ್ಕೆ ಬಡಿಯಿತು.

ಮಾವ ಕುಳಿತಲ್ಲೇ ಎದೆ ಸೆಟೆದು ರುಮಾಲು ಸರಿಮಾಡಿಕೊಂಡರು. "ನೋಡ್ರಲೇ, ಊರ ಬಾಗಲದಾಗ ಫೋಟೋ ಹೊಡದ್ರು. ಮರ್ಯಾದಿ ಅಂದ್ರ ಇದು."

"ಮುಂದಿನವರದಷ್ಟ ಹೊಡದ್ರ ಹೆಂಗ್ರಿ ಅಜ್ಜಾರ?" ಎಂದ ಹಿಂದಿನಿಂದ ರಾಯಪ್ಪ. "ಹಿಂದ ಹೋಗಿ ಮತ್ತೊಮ್ಮೆ ಬರೂಣು ಅನ್ರಿ. ನಾ ಮುಂದ ಕುಂದರ್ತೇನಿ."

ಕ್ರಿಸ್ಟಾ ಮಾತ್ರ ಒಂದೇ ಒಂದು ಜರ್ಮನ್ ಪದ ಅಂದು, ಸ್ಟೇರಿಂಗ್ ಮೇಲೆ ಅಂಗೈಯಿಂದ ಬಡಿದರು. ಆ ಪದಕ್ಕೆ ಅರ್ಥವೇನೆಂದು ಆಮೇಲೆ ಉಲಿಯನ್ನು ಕೇಳಿದೆ. "ಅದು ದನದ ಕೊಟ್ಟಿಗೆಗೆ ಸಂಬಂಧಿಸಿದ್ದು" ಎಂದಷ್ಟೇ ಹೇಳಿದ.

ಮೆರವಣಿಗೆ ಹೊರಟಿತು. ಆ ಕಲ್ಲು ಹಾಸಿನ ಓಣಿಗಳಲ್ಲಿ ಡೊಳ್ಳಿನ ಸದ್ದು ಗೋಡೆಗೆ ಬಡಿದು ದುಪ್ಪಟ್ಟಾಗಿ ಬರುತ್ತಿತ್ತು. ಚರ್ಮದ ಚಡ್ಡಿ ತೊಟ್ಟ ಹಿರಿಯರು ಮೊದಲು ಕಾಲು ಕುಣಿಸಿದರು, ಆಮೇಲೆ ಹೆಗಲು, ಕೊನೆಗೆ ಅವರ ಬಿಯರು ಚೆಲ್ಲಿತು. ಅಂದು ಸಂಜೆ ಮಾವ ರಬಕವಿಯ ಸೀರೆಯನ್ನು ಕ್ರಿಸ್ಟಾ ಅವರಿಗೆ ಕೊಟ್ಟರು. ಆಕೆ ಕಣ್ಣು ತುಂಬಿಕೊಂಡು ತಬ್ಬಿಕೊಂಡರು. ಮರುದಿನ ಹೋಗಿ ನೋಡಿದರೆ ಅದನ್ನು ಪುರಸಭೆಯ ಸಭಾಂಗಣದ ಮೇಜಿನ ಮೇಲೆ ಹಾಸಿದ್ದರು. ಊರಿನ ಅತ್ಯಂತ ಗೌರವದ ಮೇಜು ಅದೇ ಅಂತೆ. ಅದು ಉಡುವ ವಸ್ತು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಕಂಬದ ಬುಡ

ಆ ಊರಿನವರು ರಸ್ತೆ ದಾಟುವುದನ್ನು ನೋಡುವುದೇ ನಮಗೊಂದು ಆಟವಾಯಿತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ಗಾಡಿಯೂ ಇಲ್ಲ. ಆದರೂ ಎದುರಿನ ದೀಪದಲ್ಲಿ ಕೆಂಪು ಮನುಷ್ಯ ನಿಂತಿದ್ದರೆ ಇವರೂ ನಿಂತಿರುತ್ತಾರೆ. ಬೀಳಗಿಯ ಅಣ್ಣತಮ್ಮಂದಿರು ಮೊದಲ ದಿನ ಕೆಂಪು ದೀಪಕ್ಕೆ ಲಕ್ಷ್ಯ ಕೊಡದೆ ದಾಟಹೊರಟರು. ಒಬ್ಬ ಅಜ್ಜಿ ಅವರನ್ನು ನೋಡಿದ ನೋಟಕ್ಕೆ ಅರ್ಧಕ್ಕೇ ತಿರುಗಿ ಬಂದರು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಮುಂದೆ, ಬೆಲ್ಲದ ಲಾರಿ, ಬಸ್ಸು, ಬೈಕುಗಳ ನಡುವೆ ಕೈಯೊಂದನ್ನು ಎತ್ತಿ ದೇವರಂತೆ ದಾಟುವ ಗಂಡಸರು ಅವರು. ಅಲ್ಲಿ ಖಾಲಿ ರಸ್ತೆಗೆ ಹೆದರಿ ನಿಂತರು.

ಒಂದು ಬೆಳಿಗ್ಗೆ ಮಾವ, "ನಮ್ಮ ಫೋಟೋ ಹೊಡದ ಪೆಟಗಿ ನೋಡೂಣು ನಡೀ" ಎಂದರು. ಎಲ್ಲರೂ ಊರ ಬಾಗಿಲಿಗೆ ಹೋದೆವು. ಕಂಬದ ಸುತ್ತ ಪ್ರದಕ್ಷಿಣೆ ಹಾಕಿದ ಹಾಗೆ ನಡೆದು ನೋಡಿದೆವು. ಓಡುವ ಮನುಷ್ಯನ ಫೋಟೋ ಹೊಡೆಯುತ್ತದೋ ಇಲ್ಲವೋ ನೋಡಬೇಕೆಂದು ರಾಯಪ್ಪ ಧೋತರ ಎತ್ತಿ ಕಟ್ಟಿ ಅದರ ಮುಂದೆ ಓಡಿದ. ಮಿಂಚಲಿಲ್ಲ. ಇನ್ನೂ ಜೋರಾಗಿ ಓಡಿದ. ಆಗಲೂ ಇಲ್ಲ.

"ಬಡವರ ಫೋಟೋ ಹೊಡ್ಯಾಂಗಿಲ್ಲಂತ ಕಾಣಸ್ತೈತಿ" ಎಂದು ಏದುಸಿರು ಬಿಟ್ಟ.

ಎದುರಿನ ಬೇಕರಿಯಿಂದ ಜೋರಾಗಿ ನಗು ಕೇಳಿತು. ನಗುತ್ತಿದ್ದವಳು ರೋಸಿ. ನಮ್ಮ ವಸತಿಗೆ ದಿನಾ ಬೆಳಿಗ್ಗೆ ರೊಟ್ಟಿ ತರುವವಳು ಅವಳೇ, ಅರವತ್ತರ ಆಚೆಯ ಗಟ್ಟಿ ಹೆಂಗಸು. ಊರುಗೋಲು ಹಿಡಿದು ಕುಂಟುತ್ತ ಬಂದಳು. ಅವಳ ಇಂಗ್ಲಿಷೂ ನನ್ನಷ್ಟೇ ಇದ್ದದ್ದರಿಂದ ನಮ್ಮಿಬ್ಬರಿಗೂ ಪರಸ್ಪರ ಚೆನ್ನಾಗಿ ತಿಳಿಯುತ್ತಿತ್ತು. ರಸ್ತೆಯ ಬಿಳಿ ಪಟ್ಟೆಗಳನ್ನು ಕೋಲಿನಿಂದ ತೋರಿಸಿದಳು. ಅವಳು ರೊಟ್ಟಿಯ ತಟ್ಟೆ ಹೊತ್ತು ದಾಟುತ್ತಿದ್ದಾಗ ಆ ತಿರುವಿನಿಂದ ಒಂದು ಕಾರು ಬಂತಂತೆ. "ಕಾಲು ಕಪೂಟ್. ರೊಟ್ಟಿ ಕಪೂಟ್" ಎಂದಳು. ಕಪೂಟ್ ಎಂದರೆ ಹಾಳಾಯಿತು ಎಂದು. ಆಮೇಲೆ ಕಂಬದ ಕಡೆ ಕೋಲು ತಿರುಗಿಸಿದಳು. ಅವಳು ಆಸ್ಪತ್ರೆಯಲ್ಲಿದ್ದಾಗ ಕ್ರಿಸ್ಟಾ ಪುರಸಭೆಯಲ್ಲಿ ಜಗಳವಾಡಿ ಅದನ್ನು ಹಾಕಿಸಿದರಂತೆ. ಅದಕ್ಕಾಗಿ ಕೃತಜ್ಞಳೇ ಎಂದು ಕೇಳಿದರೆ, "ಅದರ ಮಿಂಚು ನನ್ನ ಮಲಗುವ ಕೋಣೆಗೆ ಬೀಳುತ್ತದೆ. ನನ್ನ ಬೆಕ್ಕಿಗೆ ಹುಚ್ಚು ಹಿಡಿದಿದೆ" ಎಂದಳು.

ಆಗ ನಾನು ಮೇಳದವರಿಗೆಲ್ಲ ಬಿಡಿಸಿ ಹೇಳಿದೆ. ಅಲ್ಲಿ ಪೊಲೀಸರು ಪೊದೆಯ ಹಿಂದೆ ಅಡಗಿ ಕುಳಿತಿರಬೇಕಾಗಿಲ್ಲ. ಊರಿನ ಪುರಸಭೆ ತಾನೇ ಇಂಥ ಕಂಬ ನೆಡುತ್ತದೆ. ವೇಗ ಮೀರಿದ ಗಾಡಿಯ ಚಿತ್ರ ತಾನಾಗಿ ಬೀಳುತ್ತದೆ, ಓಡಿಸಿದವರ ಮನೆಗೆ ನೋಟಿಸು ಹೋಗುತ್ತದೆ. ಕೈಮುಗಿಯಲು, ಸಾಹೇಬರಿಗೆ ಫೋನು ಹಚ್ಚಲು ಕಂಬಕ್ಕೆ ಕಿವಿಯಿಲ್ಲ.

ನಮ್ಮ ಕಡೆ ಅಪಘಾತವಾದ ಮರುದಿನ ಊರವರೇ ಸೇರಿ ರಸ್ತೆಗೆ ಅಡ್ಡಲಾಗಿ ಒಂದು ಹಂಪ್ ಹಾಕುತ್ತಾರೆ. ಯಾರ ಅಪ್ಪಣೆಯೂ ಬೇಡ, ಅಳತೆಯೂ ಬೇಡ. ಹಂಪ್ ಎಂದರೆ ಊರಿನ ಸಿಟ್ಟು ರಸ್ತೆಯ ಮೇಲೆ ಗಟ್ಟಿಯಾಗಿ ಕೂತದ್ದು. ತಪ್ಪು ಮಾಡಿದವನೂ ಜಿಗಿಯಬೇಕು, ಮಾಡದವನೂ ಜಿಗಿಯಬೇಕು, ಬಸುರಿ ಹೆಂಗಸನ್ನು ಒಯ್ಯುವ ಆಂಬುಲೆನ್ಸೂ ಜಿಗಿಯಬೇಕು. ಈ ಕಂಬ ಮಾತ್ರ ತಪ್ಪು ಮಾಡಿದವನನ್ನಷ್ಟೇ ಆರಿಸಿ ಹಿಡಿಯುತ್ತದೆ.

ಮಾವ ಕಂಬವನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಕೊನೆಗೆ, "ಅಂದ್ರ ಅವತ್ತು ಹೊಡದದ್ದು ಮರ್ಯಾದಿ ಫೋಟೋ ಅಲ್ಲ" ಎಂದರು.

"ಅಲ್ರಿ ಮಾವಾ. ಕೃಷ್ಣಾಬಾಯಾರಿಗೆ ದಂಡ."

"ಲಗೂ ಲಗೂ ಅಂದಾಂವ ನಾನ ಅಲ್ಲೇನೋ?" ಎಂದು ವಸತಿಯ ಕಡೆ ತಿರುಗಿ ನಡೆದರು.

ಉಲಿಯ ಖಾನಾವಳಿ

ನಾವು ಇಳಿದುಕೊಂಡಿದ್ದು ಉಲಿಯ ಖಾನಾವಳಿಯ ಮೇಲಿನ ಕೋಣೆಗಳಲ್ಲಿ. ಕೆಲವು ದಿನ ಕಳೆದ ಮೇಲೆ ಕ್ರಿಸ್ಟಾ ನಗುತ್ತ ಅಲ್ಲಿಗೆ ಬಂದರು. ವ್ಯಾನು ಪುರಸಭೆಯದು, ಕಂಬವೂ ಪುರಸಭೆಯದು. ಹಾಗಾಗಿ ಪುರಸಭೆ ಪುರಸಭೆಗೇ ಪತ್ರ ಬರೆದು, ನಿಮ್ಮ ಗಾಡಿ ಓಡಿಸುತ್ತಿದ್ದವರು ಯಾರು ಎಂದು ಕೇಳಿತ್ತು. ಪತ್ರಕ್ಕೆ ಆಕೆಯೇ 'ನಾನು' ಎಂದು ಉತ್ತರ ಬರೆದಿದ್ದರು. ಮಾವ ಫೋಟೋ ನೋಡಬೇಕೆಂದು ಆಸೆಪಟ್ಟಿದ್ದರಿಂದ ಅದರ ಪ್ರತಿಯೊಂದನ್ನು ತಂದಿದ್ದರು.

ಮಾವ ಕನ್ನಡಕ ಹಾಕಿಕೊಂಡು ನೋಡಿದರು. ಸ್ಟೇರಿಂಗ್ ಹಿಡಿದ ಕ್ರಿಸ್ಟಾ ಸ್ಪಷ್ಟವಾಗಿದ್ದರು. ಪಕ್ಕದಲ್ಲಿ ಬಿಳಿ ರುಮಾಲಿತ್ತು. ರುಮಾಲಿನ ಕೆಳಗೆ, ಮುಖ ಇರಬೇಕಾದಲ್ಲಿ, ಒಂದು ಕಪ್ಪು ಚೌಕ.

"ನನ್ನ ಮುಖಕ್ಕ ಮಸಿ ಬಳದಾರ" ಎಂದರು ಮಾವ, ತಗ್ಗಿದ ದನಿಯಲ್ಲಿ.

ನಾನು ಇಂಗ್ಲಿಷಿಗೆ ಹಾಕಿದೆ. ಪಕ್ಕದಲ್ಲಿ ಕೂತವರದು ತಪ್ಪಿಲ್ಲ, ಅವರ ಮುಖ ನೋಡುವ ಹಕ್ಕು ಸರಕಾರಕ್ಕೆ ಇಲ್ಲ, ಆದ್ದರಿಂದ ಗೌರವದಿಂದಲೇ ಮುಚ್ಚುತ್ತಾರೆ ಎಂದು ಕ್ರಿಸ್ಟಾ ಪಾಪ ಬೆವರಿಳಿಸಿಕೊಂಡು ವಿವರಿಸಿದರು. ಮಸಿ ಬಳಿಯುವುದೂ ಗೌರವವಾಗುವ ದೇಶವೊಂದು ಇದೆ ಎಂಬುದನ್ನು ಮಾವನಿಗೆ ಒಪ್ಪಿಸಲು ನನಗೆ ಆಗಲಿಲ್ಲ.

ಹೊರಡುವಾಗ ಕ್ರಿಸ್ಟಾ ಇನ್ನೊಂದು ಮಾತು ಹೇಳಿದರು. ಮೂವತ್ತರ ಜಾಗದಲ್ಲಿ ಆಕೆ ಹೋದ ವೇಗಕ್ಕೆ ದಂಡವಷ್ಟೇ ಅಲ್ಲ, ಒಂದು ತಿಂಗಳು ಸ್ಟೇರಿಂಗ್ ಮುಟ್ಟುವಂತಿಲ್ಲ.

ಮರುದಿನ ವಿಚಿತ್ರಗಳು ಶುರುವಾದವು. ಮೊದಲು ರೋಸಿ ರೊಟ್ಟಿಯ ಜೊತೆ ಒಂದು ಪಾತ್ರೆ ಸೂಪು ತಂದು ಮಾವನ ಮುಂದಿಟ್ಟಳು. ಆಮೇಲೆ ಯಾರೋ ಹೂಗುಚ್ಛ ತಂದರು. ದಾರಿಯಲ್ಲಿ ಹೋಗುವವರು ಮಾವನನ್ನು ಕಂಡು ತಮ್ಮ ಎದೆಯ ಮೇಲೆ ಕೈಯಿಟ್ಟು, ಮುಖ ಸಣ್ಣದು ಮಾಡಿ ತಲೆ ಆಡಿಸತೊಡಗಿದರು. ಅದು ಅಲ್ಲಿಯ ನಮಸ್ಕಾರವೆಂದು ತಿಳಿದು ಮಾವನೂ ಎಲ್ಲರಿಗೂ ಎದೆ ಮುಟ್ಟಿ ತೋರಿಸಿದರು. ಸಂಜೆ ನಿವೃತ್ತ ಡಾಕ್ಟರೊಬ್ಬರು ಬಂದು, ಅಂಗಿ ಎತ್ತಲು ಹೇಳಿ, ಮಾವನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಕೇಳಿದರು. ಮತ್ತೆ ಕೇಳಿದರು. "ಈ ಹೃದಯ ನನ್ನದಕ್ಕಿಂತ ಚೆನ್ನಾಗಿದೆ" ಎಂದು ಬೇಸರದಿಂದಲೇ ಹೇಳಿ ಹೋದರು.

ನಾನು ಉಲಿಯನ್ನು ಹಿಡಿದೆ. ಅವನು ಬಾಗಿಲು ಹಾಕಿ, ನಮ್ಮನ್ನೆಲ್ಲ ಕೂರಿಸಿ ಒಪ್ಪಿಕೊಂಡ. ದಾರಿಯಲ್ಲಿ ಮಾವನಿಗೆ ಎದೆನೋವು ಬಂದಿತ್ತು, ಅದಕ್ಕೇ ಕ್ರಿಸ್ಟಾ ಗಾಡಿ ಜೋರು ಓಡಿಸಿದರು ಎಂದು ಅವನೇ ತನ್ನ ಗಿರಾಕಿಗಳಿಗೆ ಹೇಳಿದ್ದ. ಜೀವ ಉಳಿಸಲು ಓಡಿಸಿದ್ದರೆ ಶಿಕ್ಷೆ ಬಿಡುತ್ತಾರೆ. ಕ್ರಿಸ್ಟಾಗೆ ಇದೇನೂ ಗೊತ್ತಿಲ್ಲ. ಆ ವಾರವೇ ಪುರಸಭೆಯ ಸಭೆಯಲ್ಲಿ ಕಂಬವನ್ನು ಉಳಿಸಬೇಕೋ ಕೀಳಬೇಕೋ ಎಂದು ತೀರ್ಮಾನವಾಗುವುದಿತ್ತು. ಅಧ್ಯಕ್ಷೆಯೇ ಸಿಕ್ಕಿಬಿದ್ದಳೆಂದು ವಿರೋಧಿಗಳು ನಗೆಯಾಡಿದರೆ ಆಕೆಯ ಮಾತಿಗೆ ಬೆಲೆ ಇರುವುದಿಲ್ಲ, ಕಂಬ ಹೋಗುತ್ತದೆ, ರೋಸಿ ಮತ್ತೆ ಅದೇ ತಿರುವಿನಲ್ಲಿ ರೊಟ್ಟಿ ಹೊತ್ತು ದಾಟಬೇಕು. "ಸಭೆಯಲ್ಲಿ ನಿಮಗೆ ಧನ್ಯವಾದ ಹೇಳುತ್ತಾರೆ. ಆಗ ಯಾರಾದರೂ ಕೇಳಿದರೆ ಹೌದು ಎಂದುಬಿಡಿ. ಅಷ್ಟೇ" ಎಂದು ಕೈ ಹಿಡಿದುಕೊಂಡ.

ಅವನು ಇಳಿದು ಹೋದ ಮೇಲೆ ನಮ್ಮ ಪಂಚಾಯಿತಿ ಸೇರಿತು.

"ಇದರಾಗ ಏನೈತ್ರಿ?" ಎಂದ ರಾಯಪ್ಪ. "ಎದಿನೋವು ಅಂದ್ರ ನನಗ ಬಿಡ್ರಿ. ಸಭಾದಾಗ ಬಿದ್ದು ಹೊಳ್ಳಾಡಿ ತೋರಸ್ತೇನಿ."

"ಫೋಟೋದಾಗ ರುಮಾಲ ಐತಲ್ಲೋ" ಎಂದೆ. "ಮುಂದ ಕುಂತವರು ಮಾವ ಅಂತ ಊರಿಗೆಲ್ಲ ಗೊತ್ತೈತಿ."

"ಹಂಗಾರ ಅಜ್ಜಾರ, ನಿಮಗ ಎರಡು ದಿನದಾಗ ಕಲಿಸಿಕೊಡ್ತೇನ್ರಿ. ಎಡಗೈ ಹಿಂಗ ಹಿಡೀಬೇಕು, ತುಟಿ ಒಂಚೂರು ಸೊಟ್ಟ."

ಮಾವ ತಮ್ಮ ಹಣೆ ಮುಟ್ಟಿಕೊಂಡರು. "ಹಣಿ ಮ್ಯಾಲ ಭಂಡಾರ ಐತಿ. ಭಂಡಾರ ಹಚ್ಚಿದ ಬಾಯಿಲೆ ಸುಳ್ಳು ಆಡಬಾರದು."

"ತೊಳಕೊಂಡು ಆಡ್ರಿ" ಎಂದ ರಾಯಪ್ಪ. "ಬಂದು ಮತ್ತ ಹಚ್ಚಿಕೊಂಡ್ರಾತು."

ಇದಕ್ಕೆ ಮಾವ ಬೈಯಲಿಲ್ಲ. ಕುರಿ ಸಂತೆಯಲ್ಲಿ ಅವರು ಹಾಗೆ ತೊಳೆದುಕೊಂಡದ್ದನ್ನು ನಾವೆಲ್ಲ ಕಂಡವರೇ. ಯೋಚನೆಯಲ್ಲಿ ಬಿದ್ದರು. "ಆಕಿ ಅನ್ನ ತಿಂದೇವಿ" ಎಂದರು ಒಮ್ಮೆ. "ಆ ರೊಟ್ಟಿ ಅಕ್ಕನ ಕಾಲು ಬ್ಯಾರೆ" ಎಂದರು ಇನ್ನೊಮ್ಮೆ. ನಾನೂ ಹೇಳುವುದು ಹೇಳಿದೆ. ಊರಲ್ಲಿ ಲೈಸೆನ್ಸಿಗೆ ಬರುವವರ ಕಣ್ಣು, ಕಿವಿ, ವಯಸ್ಸು ಇವುಗಳ ವಿಷಯದಲ್ಲಿ ಜನ ಎಷ್ಟು ಸರಾಗವಾಗಿ ಸುಳ್ಳಾಡುತ್ತಾರೆಂದು ನನಗೆ ಗೊತ್ತು. ಒಂದು 'ಹೂಂ' ಅಂದರೆ ಕಳ್ಳತನವೇನಲ್ಲ, ಒಳ್ಳೆಯ ಕೆಲಸಕ್ಕೆ ಆಗುತ್ತದೆ ಎಂದೆ. ಮಾವ ಕಂಬಳಿ ಹೊದ್ದು ಮಲಗಿದರು.

ಪುರಸಭೆ

ಸಭಾಂಗಣ ಸಣ್ಣದು. ನಮ್ಮ ರಬಕವಿ ಸೀರೆಯ ಮೇಲೆ ಆಗಲೇ ಎರಡು ಕಾಫಿ ಕಲೆ ಬಿದ್ದಿದ್ದವು. ಮೇಜಿನ ಸುತ್ತ ಸದಸ್ಯರು, ಹಿಂದಿನ ಕುರ್ಚಿಗಳಲ್ಲಿ ಊರ ಜನ. ಅವರ ನಡುವೆ ರೋಸಿಯೂ ಇದ್ದಳು. ಮಾವ ರುಮಾಲು ಸುತ್ತಿ ಬಂದಿದ್ದರು. ಹಣೆಯ ಮೇಲೆ ಭಂಡಾರವಿದೆಯೋ ಇಲ್ಲವೋ ನೋಡಿದೆ. ರುಮಾಲು ಹುಬ್ಬಿನ ತನಕ ಇಳಿದಿತ್ತು, ಕಾಣಲಿಲ್ಲ.

ಕ್ರಿಸ್ಟಾ ನಮಗೆ ಧನ್ಯವಾದ ಹೇಳಿ, ಕಂಬದ ವಿಷಯ ಎತ್ತಿದರು. ಆಗ ಒಬ್ಬ ಉದ್ದ ಮೀಸೆಯ ಸದಸ್ಯರು ಎದ್ದರು. ಕಂಬ ಬೇಡ ಎನ್ನುವ ಗುಂಪಿನ ಮುಖಂಡರು ಅವರೇ ಎಂದು ಉಲಿ ಪಿಸುಗುಟ್ಟಿದ. ಅದು ಹೊರಗಿನವರ ಜೇಬಿಗೆ ಕೈಹಾಕುವ ಪೆಟ್ಟಿಗೆ, ಊರ ದೊಡ್ಡವರು ಹೇಗೋ ಪಾರಾಗುತ್ತಾರೆ ಎಂಬುದು ಅವರ ವಾದವಂತೆ. ಕೈಯಲ್ಲಿ ದಪ್ಪನೆಯ ಭಾಷಣದ ಹಾಳೆಗಳಿದ್ದವು. ಆದರೆ ಅವರು ಮೊದಲು ಮಾವನ ಕಡೆ ತಿರುಗಿ, ಬಹಳ ಮೃದುವಾಗಿ ಮಾತಾಡಿದರು. ಉಲಿ ಅದನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದ. ನಾನು ಮಾವನಿಗೆ ಹೇಳಿದೆ.

"ಅವತ್ತು ಗಾಡ್ಯಾಗ ನಿಮಗ ಎದಿನೋವು ಬಂದಿತ್ತಂತ ಕೇಳೇನಿ, ಈಗ ಹೆಂಗದೀರಿ ಅಂತಾರ. ಹಂಗಿದ್ರ ಅಧ್ಯಕ್ಷರದು ತಪ್ಪಿಲ್ಲ, ನಾನಾದ್ರೂ ಹಂಗ ಓಡಸ್ತಿದ್ದೆ ಅಂತಾರ."

ಮೇಜಿನ ತುದಿಯಲ್ಲಿ ಕ್ರಿಸ್ಟಾ ಮುಖ ಗಂಟಿಕ್ಕಿ ಉಲಿಯ ಕಡೆ ತಿರುಗಿದರು. ಉಲಿ ಸೀರೆಯ ಅಂಚು ನೋಡುತ್ತ ಕೂತ. ವಿರೋಧಿಯೇ ಬಾಗಿಲು ತೆರೆದು ಹಿಡಿದಿದ್ದಾನೆ, ಒಳಗೆ ಹೋದರೆ ಸಾಕು. ನಾನು ಮೆಲ್ಲಗೆ, "ಮಾವಾ, ಹೂಂ ಅಂದ್ರ ಎಲ್ಲಾ ಮುಗೀತು" ಎಂದೆ.

ಮಾವ ಎದ್ದು ನಿಂತರು. ರುಮಾಲು ಹಿಂದೆ ಸರಿಸಿದರು. ಹಣೆ ತುಂಬ ಹಳದಿ ಇತ್ತು.

"ನನಗ ಯಾವ ಎದಿನೋವೂ ಬಂದಿಲ್ಲ" ಎಂದರು. "ಡಾಕ್ಟರು ಬಂದು ನೋಡಿ ಹೋಗ್ಯಾರ, ಕೇಳ್ರಿ. ನಮಗ ತಡಾ ಆಗಿತ್ತು. ತಡಾ ಆಗಿದ್ದು ನನ್ನ ಭಂಡಾರದಿಂದ. ಲಗೂ ಹೊಡಿ ಅಂತ ಈ ತಂಗಿಗೆ ದಾರಿತುಂಬ ಕೈ ಮಾಡಿದಾಂವ ನಾನು. ಆಕಿ ಹೊಡದ್ಲು. ಆ ರೊಟ್ಟಿ ಅಕ್ಕ ಅವತ್ತು ಅಲ್ಲಿ ದಾಟಾಕತ್ತಿದ್ರ ಆ ಪಾಪ ಇಬ್ಬರಿಗೂ ಬರ್ತಿತ್ತು. ದಂಡ ಹಾಕೂದಿದ್ರ ನನಗೂ ಹಾಕ್ರಿ."

ನಾನು ಇಂಗ್ಲಿಷಿಗೆ ಹಾಕಿದೆ. ಸುಳ್ಳು ಹೇಳಬೇಕೆಂದರೂ ಅಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಈಗ ಉಲಿ ಅದನ್ನು ಜರ್ಮನ್‌ಗೆ ಹಾಕಬೇಕು. ಅವನು ಬಾಯಿ ತೆರೆದ, ಮುಚ್ಚಿದ, ಕ್ರಿಸ್ಟಾ ಅವರನ್ನು ನೋಡಿದ, ತಲೆ ಬಗ್ಗಿಸಿದ. ಸಭೆ ಕಾಯಿತು. ಹಿಂದಿನ ಸಾಲಿನಲ್ಲಿ ಊರುಗೋಲಿನ ಸದ್ದಾಯಿತು. ರೋಸಿ ಎದ್ದು ನಿಂತು, ನನ್ನ ಹರಕು ಇಂಗ್ಲಿಷಿನಿಂದ ತಿಳಿದಷ್ಟನ್ನು ಹೆಕ್ಕಿ, ತನ್ನ ಭಾಷೆಯಲ್ಲಿ ಎಲ್ಲರಿಗೂ ಹೇಳಿದಳು. ತನ್ನದೇ ಮಾತು ಬಂದಾಗಲೂ ಅವಳು ದನಿ ಬದಲಿಸಲಿಲ್ಲ.

ಆಮೇಲೆ ಕ್ರಿಸ್ಟಾ ಮಾತಾಡಿದರು. ಕಾಯಿಲೆಯ ಕಥೆ ತಾನು ಈಗಷ್ಟೇ ಕೇಳಿದ್ದು, ಅದನ್ನು ಹುಟ್ಟಿಸಿದವನ ಲೆಕ್ಕ ಆಮೇಲೆ ನೋಡಿಕೊಳ್ಳುತ್ತೇನೆ ಎಂದರು. ಲೈಸೆನ್ಸನ್ನು ಇಂದು ಬೆಳಿಗ್ಗೆಯೇ ಒಪ್ಪಿಸಿ ಬಂದಿದ್ದೇನೆ, ನನ್ನ ಸೈಕಲ್ಲು ಹೊರಗಿದೆ ಎಂದರು. ಕೆಲವರು ಕಿಟಕಿಯಿಂದ ಬಗ್ಗಿ ನೋಡಿದರು. ಇತ್ತು.

ಮೀಸೆಯ ಸದಸ್ಯರು ತಮ್ಮ ಹಾಳೆಗಳನ್ನು ತಿರುವಿದರು. ಊರ ದೊಡ್ಡವರು ಪಾರಾಗುತ್ತಾರೆ ಎಂಬ ಮಾತು ಎಷ್ಟು ಪುಟಗಳಲ್ಲಿತ್ತೋ ತಿಳಿಯದು, ತಿರುವುತ್ತಲೇ ಇದ್ದರು. ಕೊನೆಗೆ ಹಾಳೆಗಳನ್ನು ಮಡಚಿ ಕೂತರು. ಮತಕ್ಕೆ ಹಾಕಿದಾಗ ಅವರು ಪರವಾಗಿ ಕೈ ಎತ್ತಲಿಲ್ಲ, ವಿರೋಧಕ್ಕೂ ಎತ್ತಲಿಲ್ಲ, ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡರು. ಕಂಬ ಉಳಿಯಿತು.

ಹೊರಗೆ ಪಡಸಾಲೆಯಲ್ಲಿ ಕ್ರಿಸ್ಟಾ ಉಲಿಯನ್ನು ಬೈದ ರೀತಿಗೆ ಅನುವಾದ ಬೇಕಾಗಲಿಲ್ಲ. ಕೊಟ್ಟಿಗೆಯ ಪದ ಮತ್ತೆ ಮತ್ತೆ ಬಂತು. ಅರ್ಧ ತಾಸಿನ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬಿಯರು ಕುಡಿಯುತ್ತಿದ್ದರು. ಕಂಬದ ಫೋಟೋಗಳನ್ನು ನೋಡಿಕೊಳ್ಳುವ ಪುರಸಭೆಯ ಉದ್ಯೋಗಿಯೊಬ್ಬಳು ಮಾವನ ಹತ್ತಿರ ಬಂದು, ಕಪ್ಪು ಚೌಕ ತೆಗೆದು ಕೊಡಲು ಕಾನೂನಿನಲ್ಲಿ ದಾರಿಯಿಲ್ಲ ಎಂದು ಬಹಳ ನೊಂದು ಹೇಳಿದಳು.

"ಇರ್ಲಿ ಬಿಡವಾ" ಎಂದರು ಮಾವ. "ತಪ್ಪು ಮಾಡೂ ಹೊತ್ತಿನ ಮಾರಿ ಗ್ವಾಡಿಗೆ ತೂಗಹಾಕಾಕ ಬರೂದಿಲ್ಲ."

ಮತ್ತೆ ವಿಮಾನದ ಕಡೆ

ಹೊರಡುವ ದಿನ ವ್ಯಾನು ಓಡಿಸಿದವನು ಉಲಿ. ಅವನಿಗೆ ಎಷ್ಟು ಭಯ ಹುಟ್ಟಿತ್ತೆಂದರೆ ಊರೊಳಗೆ ಒಂದು ಬಾತುಕೋಳಿ ನಮ್ಮನ್ನು ಹಿಂದೆ ಹಾಕಿತು. ಕ್ರಿಸ್ಟಾ ಸೈಕಲ್ಲಿನಲ್ಲಿ ನಮ್ಮ ಪಕ್ಕಪಕ್ಕದಲ್ಲೇ ಬಂದು, ಕಿಟಕಿಯಿಂದ ಕೈ ಒಳಗೆ ಚಾಚಿ ಒಬ್ಬೊಬ್ಬರ ಕೈ ಕುಲುಕಿದರು. ಊರ ಗಡಿಯಲ್ಲಿ ಕಾಲೂರಿ ನಿಂತರು. ಒಂದು ತಿಂಗಳು ದಿನಾ ಆ ಏರು ಹತ್ತಿ ಫಾರ್ಮಿಗೆ ಹೋಗಬೇಕಾದ ಹೆಂಗಸು ಅದು. ಆಗಲೇ ಉಸಿರು ಕಟ್ಟಿ ಮುಖ ಕೆಂಪಾಗಿತ್ತು. ಬೀಳಗಿಯ ಹಿರಿಯಣ್ಣ ಮೊದಲ ಬಾರಿಗೆ ಬಾಯಿ ತೆರೆದು, "ಛಲೋ ಮಂದಿ" ಎಂದ. ತಮ್ಮ ಒಪ್ಪಿ ತಲೆಯಾಡಿಸಿದ.

ಮರಳಿ ನಮ್ಮ ಕಡೆ

ಊರಿಗೆ ಬಂದ ಮೇಲೆ ಸತ್ಕಾರಗಳು ನಡೆದವು. ಅದರಲ್ಲೊಂದು ನಮ್ಮ ಕಡೆಯ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ. ಶಾಲು ಹೊದಿಸಲು ಬಂದವರು ಆ ಭಾಗದ ಒಬ್ಬ ಮುಖಂಡರು. ಹೆಸರು ಬೇಡ, ಹುದ್ದೆಯೂ ಬೇಡ. ಅವರ ಜೀಪು ಶಾಲೆಯ ಮುಂದೆ ಹಾದರೆ ಧೂಳು ಇಳಿಯುವಷ್ಟರಲ್ಲಿ ಒಂದು ಪಾಠ ಮುಗಿಯುತ್ತದೆ ಎಂದು ಊರವರು ಹೇಳುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರಿನವರೂ ಆ ಜೀಪಿಗೆ ದಾರಿ ಬಿಡುತ್ತಾರೆ.

ಪರದೇಶದಲ್ಲಿ ಕಂಡದ್ದನ್ನು ಹೇಳಿರೆಂದು ಮಾವನ ಕೈಗೆ ಮೈಕು ಕೊಟ್ಟರು. ಮಾವ ಕ್ರಿಸ್ಟಾ ಅವರ ಕಥೆಯನ್ನು, ತಮ್ಮ ಕೈ ಬೀಸಿದ್ದನ್ನೂ ಬಿಡದೆ ಹೇಳಿದರು. ಯಾರಿಗೂ ಬುದ್ಧಿ ಹೇಳಲಿಲ್ಲ. "ಅಲ್ಲಿ ಅಧ್ಯಕ್ಷರು ಈಗ ಸೈಕಲ್ ತುಳಿಯಾಕತ್ತಾರ" ಎಂದು ಹೇಳಿ ಮೈಕು ಕೊಟ್ಟು ಕೂತರು. ಜನ ಚಪ್ಪಾಳೆ ಹೊಡೆಯುವುದನ್ನು ಮರೆತು, ಒಬ್ಬೊಬ್ಬರಾಗಿ ಮುಖಂಡರ ಕಡೆ ನೋಡತೊಡಗಿದರು. ಮುಖಂಡರು ಚಹಾ ಕುಡಿದರು. ಕಪ್ಪಿನಲ್ಲಿ ಚಹಾ ಮುಗಿದ ಮೇಲೂ ಸ್ವಲ್ಪ ಹೊತ್ತು ಕುಡಿದರು.

ಕಾರ್ಯಕ್ರಮ ಮುಗಿದು ಅವರು ಜೀಪು ಹತ್ತಿದಾಗ ಇಡೀ ಅಂಗಳ ಕಾಂಪೌಂಡಿಗೆ ಬಂದು ನಿಂತಿತು. ಮುಖಂಡರು ಡ್ರೈವರನಿಗೆ ಏನೋ ಹೇಳಿದರು. ಜೀಪು ಮೆಲ್ಲಗೆ ಹೊರಟಿತು, ಬಸುರಿ ಆಕಳು ಹೋದ ಹಾಗೆ. ಗೇಟು ದಾಟಿತು, ಶಾಲೆಯ ಗೋಡೆ ಮುಗಿಯುವ ತನಕವೂ ಹಾಗೆಯೇ ಹೋಯಿತು, ತಿರುವಿನಲ್ಲಿ ಮರೆಯಾಯಿತು. ಮರೆಯಾದ ಕ್ಷಣವೇ ಎಂಜಿನ್ನು ಒಮ್ಮೆ ಆರ್ಭಟಿಸಿದ್ದು, ಹಾರ್ನು ಬಡಿದುಕೊಂಡದ್ದು, ಯಾರದೋ ಕೋಳಿಗಳು ಚೆಲ್ಲಾಪಿಲ್ಲಿಯಾಗಿ ಕೂಗಿದ್ದು ನಮಗೆಲ್ಲ ಕೇಳಿತು.

ಜನ ನಕ್ಕರು. ಮಾವ ನಗಲಿಲ್ಲ.

"ಸಾಲಿ ದಾಟೂ ತನಕ ತಡಕೊಂಡಾನ" ಎಂದರು ಹೆಡ್‌ಮಾಸ್ತರರ ಕಡೆ ತಿರುಗಿ. "ಮುಂದಿನ ವಾರ ಅಂವನ್ನ ಮತ್ತ ಕರೀರಿ. ಇನ್ನೊಂದು ಶಾಲು ಹೊದಿಸಿಕೊಳ್ತೇನಿ."